ಹಳೆಯ ಡೀಸೆಲ್ ಎಸ್ಟೇಟ್ ಕೊಳ್ಳುವ ಮುನ್ನ: ಎಂಜಿನ್ ತಣ್ಣಗಿರುವಾಗಲೇ ನೋಡಿ

ಬ್ರಿಟನ್ನಿನಲ್ಲಿ ನೆಲೆಸಿರುವ ಕನ್ನಡಿಗರು ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವ ಮುನ್ನ ನನಗೆ ಫೋನ್ ಮಾಡುವುದು ವಾಡಿಕೆ. ಕೊಳ್ಳುವವರ ಪರವಾಗಿ ಹೋಗಿ ಕಾರು ಪರೀಕ್ಷಿಸುವುದೇ ನನ್ನ ಕೆಲಸ. ಈಚಿನ ವರ್ಷಗಳಲ್ಲಿ ಹೆಚ್ಚು ಕೇಳಿಬರುತ್ತಿರುವ ಪ್ರಶ್ನೆ ಎಸ್ಟೇಟ್ ಕಾರುಗಳದು (ಛಾವಣಿ ಹಿಂದಿನವರೆಗೂ ಚಾಚಿ ಡಿಕ್ಕಿ ದೊಡ್ಡದಾಗಿರುವ ಕಾರುಗಳಿವು), ಅದರಲ್ಲೂ ಒಳ್ಳೆಯ ಪಿಕಪ್ ಇರುವ ಡೀಸೆಲ್ ಎಸ್ಟೇಟ್‌ಗಳದು. ಊರಿನಿಂದ ತಂದೆ ತಾಯಿ ಆರು ತಿಂಗಳ ಮಟ್ಟಿಗೆ ಬಂದಾಗ ಇಪ್ಪತ್ತಮೂರು ಕೆಜಿಯ ನಾಲ್ಕು ಸೂಟ್‌ಕೇಸು, ಹುಳಿಪುಡಿ ಹಪ್ಪಳಗಳ ಎರಡು ಡಬ್ಬ, ಮಗುವಿನ ತಳ್ಳುಗಾಡಿ ಎಲ್ಲವನ್ನೂ ಹೀಥ್ರೂ ನಿಲ್ದಾಣದಿಂದ ಒಂದೇ ಸಲಕ್ಕೆ ಮನೆಗೆ ಸಾಗಿಸಬೇಕಾಗುತ್ತದೆ. ಅದೇ ಕಾರು ಸೋಮವಾರ ಬೆಳಿಗ್ಗೆ ಮೋಟಾರ್‌ವೇಯಲ್ಲಿ ಲಾರಿಗಳ ಸಾಲನ್ನು ದಾಟಿ ಸಲೀಸಾಗಿ ಮುಂದೆ ಹೋಗಬೇಕು. ಈ ಎರಡೂ ಕೆಲಸಕ್ಕೆ ಆರು ಸಿಲಿಂಡರಿನ ಡೀಸೆಲ್ ಎಸ್ಟೇಟ್‌ನಷ್ಟು ಒಪ್ಪುವ ಕಾರು ಮತ್ತೊಂದಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ನಮ್ಮ ದೇಶದಲ್ಲಿ ಟಾಟಾ ಎಸ್ಟೇಟ್, ಇಂಡಿಗೊ ಮರೀನಾ, ಆಕ್ಟೇವಿಯಾ ಕಾಂಬಿ ಬಂದು ಹೋದರೂ ಈ ಬಗೆಯ ಕಾರು ನೆಲೆಯೂರಲಿಲ್ಲ. ಆದ್ದರಿಂದ ಇಲ್ಲಿಗೆ ಬಂದ ಮೇಲೆಯೇ ನಮ್ಮವರಲ್ಲಿ ಹೆಚ್ಚಿನವರಿಗೆ ಇದರ ಪರಿಚಯ.

ಕಾರಿನ ವಿಚಾರಕ್ಕೆ ಬರುವ ಮೊದಲು ನಿಮ್ಮ ಓಡಾಟದ ಲೆಕ್ಕ ಆಗಬೇಕು. ಡೀಸೆಲ್ ಎಂಜಿನ್ನಿನ ಸೈಲೆನ್ಸರ್ ದಾರಿಯಲ್ಲಿ ಡಿಪಿಎಫ್ ಎಂಬ ಶೋಧಕವಿರುತ್ತದೆ; ಎಂಜಿನ್ ಹೊರಹಾಕುವ ಮಸಿಯನ್ನು ಅದು ಹಿಡಿದಿಟ್ಟುಕೊಂಡು, ಸುಮಾರು 600 ಡಿಗ್ರಿ ಸೆಲ್ಸಿಯಸ್ ಬಿಸಿಯೇರಿದಾಗ ಸುಟ್ಟು ಬೂದಿ ಮಾಡುತ್ತದೆ. ಅಷ್ಟು ಬಿಸಿಯೇರಬೇಕಾದರೆ ಕಾರು ಒಂದೇ ಸಮನೆ ಒಂದಷ್ಟು ಹೊತ್ತು ಓಡಬೇಕು. ಶಾಲೆಗೆ ಎರಡು ಮೈಲಿ, ಅಂಗಡಿಗೆ ಒಂದು ಮೈಲಿ ಎಂದು ಓಡುವ ಕಾರಿನಲ್ಲಿ ಈ ಸುಡುವ ಕೆಲಸ ಪ್ರತಿ ಸಲವೂ ಅರ್ಧಕ್ಕೇ ನಿಲ್ಲುತ್ತದೆ, ಅದಕ್ಕೆಂದು ಹೆಚ್ಚಾಗಿ ಸಿಂಪಡಿಸಿದ ಡೀಸೆಲ್ ಸಿಲಿಂಡರಿನ ಗೋಡೆಯಿಂದ ಇಳಿದು ಎಂಜಿನ್ ಆಯಿಲ್ ಜೊತೆ ಬೆರೆಯುತ್ತದೆ, ತೆಳ್ಳಗಾದ ಆಯಿಲ್ ಟರ್ಬೊವನ್ನೂ ಬೇರಿಂಗ್‌ಗಳನ್ನೂ ಸವೆಸುತ್ತದೆ. ವಾರಕ್ಕೆ ಒಂದೆರಡು ಬಾರಿಯಾದರೂ ಅರ್ಧ ಗಂಟೆಯ ಹೆದ್ದಾರಿ ಪ್ರಯಾಣ ಇಲ್ಲದವರಿಗೆ ಡೀಸೆಲ್ ಬೇಡವೆಂದು ನಾನು ನೇರವಾಗಿಯೇ ಹೇಳುತ್ತೇನೆ. ಕೆಲವರು ಬೇಸರಪಟ್ಟುಕೊಳ್ಳುತ್ತಾರೆ, ಆದರೂ ಹೇಳುತ್ತೇನೆ.

ಎರಡನೆಯ ಲೆಕ್ಕ ನಗರಗಳ ಹೊಗೆ ವಲಯಗಳದು, ಅಂದರೆ ಹೆಚ್ಚು ಹೊಗೆಯುಗುಳುವ ಕಾರುಗಳು ಶುಲ್ಕ ತೆರಬೇಕಾದ ಪ್ರದೇಶಗಳದು. ಲಂಡನ್ನಿನ ಯುಲೆಜ್ ವಲಯವು 2023ರ ಆಗಸ್ಟ್ 29ರಿಂದ ನಗರದ ಎಲ್ಲ ಬರೋಗಳಿಗೂ (ಆಡಳಿತ ವಿಭಾಗಗಳಿಗೂ) ಹಬ್ಬಿದೆ. ಯೂರೊ 6 ಎಂಬ ಯುರೋಪಿನ ಹೊಗೆ ಮಾನದಂಡವನ್ನು ಮುಟ್ಟದ ಡೀಸೆಲ್ ಕಾರು ಅಲ್ಲಿ ಓಡಿದ ಪ್ರತಿ ದಿನಕ್ಕೂ 12.50 ಪೌಂಡ್ ತೆರಬೇಕು. ಬರ್ಮಿಂಗ್‌ಹ್ಯಾಮ್‌ನ ಕೇಂದ್ರ ಭಾಗದಲ್ಲಿ 2021ರ ಜೂನ್‌ನಿಂದ ದಿನಕ್ಕೆ 8 ಪೌಂಡ್ ಇದೆ. ಸೆಪ್ಟೆಂಬರ್ 2015ರ ನಂತರ ಹೊಸದಾಗಿ ನೋಂದಣಿಯಾದ ಕಾರುಗಳು ಸಾಮಾನ್ಯವಾಗಿ ಯೂರೊ 6 ಆಗಿರುತ್ತವೆ; ಅದಕ್ಕಿಂತ ಹಿಂದಿನವುಗಳಲ್ಲಿ ಕೆಲವು ಆಗಿರುತ್ತವೆ, ಹಲವು ಆಗಿರುವುದಿಲ್ಲ. ಮಾರುವವರ ಮಾತನ್ನು ನೆಚ್ಚದೆ, ನೋಂದಣಿ ಸಂಖ್ಯೆಯನ್ನು ಲಂಡನ್ ಸಾರಿಗೆ ಸಂಸ್ಥೆಯ ಜಾಲತಾಣದಲ್ಲಿ ಹಾಕಿ ನೋಡಿಕೊಳ್ಳಿ.

ಇನ್ನು ಪಿಕಪ್ ವಿಚಾರ. ಜಾಹೀರಾತುಗಳಲ್ಲಿ ಅಶ್ವಶಕ್ತಿಯನ್ನು ದೊಡ್ಡದಾಗಿ ಬರೆಯುತ್ತಾರೆ, ಆದರೆ ತುಂಬಿದ ಎಸ್ಟೇಟ್ ಕಾರನ್ನು ಏರಿನಲ್ಲಿ ಎಳೆಯುವುದು ಟಾರ್ಕ್, ಅಂದರೆ ಎಂಜಿನ್ನಿನ ತಿರುಗಿಸುವ ಬಲ. ಬಿಎಂಡಬ್ಲ್ಯು 3 ಸರಣಿಯ ಎಫ್31 ಟೂರಿಂಗ್ (ಎಸ್ಟೇಟ್‌ಗೆ ಆ ಕಂಪನಿ ಇಟ್ಟ ಹೆಸರು) ಮಾದರಿಯನ್ನೇ ನೋಡಿ: 252 ಅಶ್ವಶಕ್ತಿಯ ಪೆಟ್ರೋಲ್ 330ಐ ಕಾರಿನ ಟಾರ್ಕ್ 350 ನ್ಯೂಟನ್ ಮೀಟರ್, 258 ಅಶ್ವಶಕ್ತಿಯ ಡೀಸೆಲ್ 330ಡಿ ಕಾರಿನದು 560, ಅದೂ 1500 ಆರ್‌ಪಿಎಂನಿಂದಲೇ ದೊರೆಯುತ್ತದೆ. ಕಾಗದದ ಮೇಲೆ ಎರಡೂ ಸರಿಸಮಾನ ಎನಿಸಿದರೂ, ಐದು ಜನ ಮತ್ತು ಡಿಕ್ಕಿ ತುಂಬ ಸಾಮಾನು ಇರುವಾಗ ಡೀಸೆಲ್ ಕಾರು ಗೇರ್ ಇಳಿಸದೆಯೇ ಮುನ್ನುಗ್ಗುವುದು ಈ ಕಾರಣಕ್ಕೆ. 335ಡಿ ಇನ್ನೂ ಬಲಶಾಲಿ. 313 ಅಶ್ವಶಕ್ತಿ, 630 ನ್ಯೂಟನ್ ಮೀಟರ್, ನಿಂತಲ್ಲಿಂದ ಗಂಟೆಗೆ 62 ಮೈಲಿ ವೇಗಕ್ಕೆ ಸುಮಾರು ಐದು ಸೆಕೆಂಡ್. ಆದರೆ ಇದರ ಡಿಕ್ಕಿ 495 ಲೀಟರ್ ಮಾತ್ರ. ಜಾಗವೇ ಮುಖ್ಯವಾದವರಿಗೆ 2016ರವರೆಗೆ ಬಂದ ಮರ್ಸಿಡಿಸ್ ಇ ಕ್ಲಾಸ್ ಎಸ್ಟೇಟ್ ಒಪ್ಪುತ್ತದೆ. ಸೀಟು ಮಡಿಸದೆಯೇ 695 ಲೀಟರ್, ಮಡಿಸಿದರೆ 1950. ಅದರ ಇ350 ಡೀಸೆಲ್ ವಿ6 ಎಂಜಿನ್ನಿನ ಟಾರ್ಕ್ 620. ಆಡಿ ಎ6 ಅವಾಂಟ್‌ನ ಬೈ-ಟಿಡಿಐ ಡೀಸೆಲ್ ಎಂಜಿನ್ 650 ನ್ಯೂಟನ್ ಮೀಟರ್ ಕೊಡುತ್ತದೆ. ಇಷ್ಟೆಲ್ಲ ಬೇಡ, ರಿಪೇರಿ ಖರ್ಚು ಹಿಡಿತದಲ್ಲಿರಬೇಕು ಎನ್ನುವವರಿಗೆ ಸ್ಕೋಡಾ ಸುಪರ್ಬ್ ಎಸ್ಟೇಟ್ 190 ಅಶ್ವಶಕ್ತಿಯ ಟಿಡಿಐ ಸಾಕು. 660 ಲೀಟರ್ ಡಿಕ್ಕಿ ಇರುವ ಆ ಕಾರನ್ನು ನಾನು ಶಿಫಾರಸು ಮಾಡಿದ ಮನೆಗಳಲ್ಲಿ ಯಾರೂ ಪಶ್ಚಾತ್ತಾಪ ಪಟ್ಟಿಲ್ಲ.

ಪ್ರತಿಯೊಂದಕ್ಕೂ ತನ್ನದೇ ಆದ ದುರ್ಬಲ ಜಾಗವಿದೆ. ಬಿಎಂಡಬ್ಲ್ಯುವಿನ ಎನ್47 ಎಂಬ ನಾಲ್ಕು ಸಿಲಿಂಡರಿನ ಡೀಸೆಲ್ ಎಂಜಿನ್, ವಿಶೇಷವಾಗಿ 2011ಕ್ಕಿಂತ ಹಿಂದಿನದು, ಟೈಮಿಂಗ್ ಚೈನ್ (ಎಂಜಿನ್ನಿನ ವಾಲ್ವುಗಳನ್ನು ಹೊತ್ತಿಗೆ ಸರಿಯಾಗಿ ಆಡಿಸುವ ಸರಪಳಿ) ಸವೆತಕ್ಕೆ ಹೆಸರಾಗಿದೆ. ಆರು ಸಿಲಿಂಡರಿನ ಎನ್57 ಅಷ್ಟು ತೊಂದರೆ ಕೊಡುವುದಿಲ್ಲವಾದರೂ ಎರಡರಲ್ಲಿಯೂ ಚೈನ್ ಇರುವುದು ಎಂಜಿನ್ನಿನ ಹಿಂಬದಿಯಲ್ಲಿ, ಗೇರ್‌ಬಾಕ್ಸ್ ಕಡೆಗೆ. ಅದನ್ನು ಮುಟ್ಟಬೇಕಾದರೆ ಎಂಜಿನ್ನನ್ನೋ ಗೇರ್‌ಬಾಕ್ಸನ್ನೋ ಇಳಿಸಬೇಕು. ಬಿಡಿಭಾಗಕ್ಕಿಂತ ಕೂಲಿಯೇ ಹೆಚ್ಚು. ಮರ್ಸಿಡಿಸ್ ವಿ6ರಲ್ಲಿ ಆಯಿಲ್ ಕೂಲರಿನ ಸೀಲುಗಳು ಎರಡು ಸಿಲಿಂಡರ್ ಸಾಲುಗಳ ನಡುವಿನ ಕಣಿವೆಯಲ್ಲಿ ಅಡಗಿವೆ; ಅವು ಗಟ್ಟಿಯಾಗಿ ಸೋರತೊಡಗಿದರೆ ಮೇಲಿನದೆಲ್ಲವನ್ನೂ ಬಿಚ್ಚಬೇಕು. 2018ರಲ್ಲಿ ಬಿಎಂಡಬ್ಲ್ಯು ಇಜಿಆರ್ ಕೂಲರಿನ (ಎಂಜಿನ್ನಿಗೆ ಮರಳಿಸುವ ಹೊಗೆಯನ್ನು ತಣಿಸುವ ಸಾಧನದ) ಸೋರಿಕೆಯಿಂದ ಬೆಂಕಿ ಹೊತ್ತುವ ಅಪಾಯವಿದೆಯೆಂದು ತನ್ನ ಹಲವು ಡೀಸೆಲ್ ಕಾರುಗಳನ್ನು ವಾಪಸು ಕರೆಸಿ ಸರಿಪಡಿಸಿತು. ನೀವು ನೋಡುತ್ತಿರುವ ಕಾರಿನಲ್ಲಿ ಆ ಕೆಲಸ ಮುಗಿದಿದೆಯೇ ಎಂಬುದನ್ನು ಕೇಳಿ ಖಚಿತಪಡಿಸಿಕೊಳ್ಳಬೇಕು.

ಆದರೆ ನನ್ನ ಅನುಭವದಲ್ಲಿ ಯಾವ ಮಾದರಿ ಎಂಬುದಕ್ಕಿಂತ ಆ ಒಂದು ಕಾರು ಹೇಗೆ ಬಾಳಿದೆ ಎಂಬುದೇ ದೊಡ್ಡದು. ಕಳೆದ ಜನವರಿಯಲ್ಲಿ ದಾವಣಗೆರೆ ಕಡೆಯ ದಂಪತಿಗಾಗಿ ಎರಡು 330ಡಿ ಟೂರಿಂಗ್ ಕಾರುಗಳನ್ನು ನೋಡಿದೆ, ಎರಡೂ 2016ರವು. ಮೊದಲನೆಯದು 41 ಸಾವಿರ ಮೈಲಿ ಓಡಿತ್ತು, ಎರಡನೆಯದು 96 ಸಾವಿರ. ಇಬ್ಬರ ಮನಸ್ಸೂ ಮೊದಲನೆಯದರ ಮೇಲೆಯೇ ಇತ್ತು. ಬೆಳಿಗ್ಗೆ ಒಂಬತ್ತಕ್ಕೆ ಬರುತ್ತೇವೆ, ಅದಕ್ಕೆ ಮೊದಲು ದಯವಿಟ್ಟು ಎಂಜಿನ್ ಸ್ಟಾರ್ಟ್ ಮಾಡಬೇಡಿ ಎಂದು ಮಾರುವವರಿಗೆ ಹಿಂದಿನ ದಿನವೇ ತಿಳಿಸಿದ್ದೆ. ಹೋಗಿ ನೋಡಿದರೆ ಬೀದಿಯ ಉಳಿದ ಕಾರುಗಳ ಮೇಲೆಲ್ಲ ಇಬ್ಬನಿ ಬೆಳ್ಳಗೆ ಹೆಪ್ಪುಗಟ್ಟಿತ್ತು, ಈ ಕಾರಿನ ಬಾನೆಟ್ ಮಾತ್ರ ಒದ್ದೆಯಾಗಿ ಮಿನುಗುತ್ತಿತ್ತು. ಅಂಗೈ ಇಟ್ಟಾಗ ಚೆನ್ನಾಗಿಯೇ ಬೆಚ್ಚಗಿತ್ತು. ಸವೆದ ಚೈನಿನ ಕರಕರ ಸದ್ದು, ತಣ್ಣಗಿನ ಸಿಲಿಂಡರನ್ನು ಬಿಸಿ ಮಾಡುವ ಗ್ಲೋ ಪ್ಲಗ್‌ಗಳು ಸೋತಾಗಿನ ನಡುಕ, ಡೀಸೆಲ್ ಸಿಂಪಡಿಸುವ ಇಂಜೆಕ್ಟರ್ ಸೋರುವಾಗಿನ ಬಿಳಿ ಹೊಗೆ, ಇವೆಲ್ಲವೂ ಎಂಜಿನ್ ತಣ್ಣಗಿರುವಾಗ ಮೊದಲ ಕೆಲವು ಸೆಕೆಂಡುಗಳಲ್ಲಿ ಎದ್ದು ಕಾಣುತ್ತವೆ. ಒಮ್ಮೆ ಬೆಚ್ಚಗಾಯಿತೆಂದರೆ ಮರೆಯಾಗಿಬಿಡುತ್ತವೆ.

ಎಂಒಟಿ ಎಂಬ ವಾರ್ಷಿಕ ತಪಾಸಣೆಯ ದಾಖಲೆಗಳು ಸರ್ಕಾರದ ಜಾಲತಾಣದಲ್ಲಿ ಯಾರಿಗಾದರೂ ಉಚಿತವಾಗಿ ಸಿಗುತ್ತವೆ. ಮೂರು ವರ್ಷ ತುಂಬಿದ ಕಾರಿಗೆ ಪ್ರತಿ ವರ್ಷ ಆಗುವ ಈ ತಪಾಸಣೆಯಲ್ಲಿ ಓಡಿದ ಮೈಲಿಯನ್ನೂ ಬರೆಯುತ್ತಾರೆ. ಅಲ್ಲೇ ನಿಂತು ಫೋನಿನಲ್ಲಿ ತೆರೆದು ನೋಡಿದರೆ, ಆ ಮೊದಲನೆಯ ಕಾರು ಕೊನೆಯ ಮೂರು ವರ್ಷಗಳಲ್ಲಿ ವರ್ಷಕ್ಕೆ ಎರಡು ಸಾವಿರ ಮೈಲಿಯೂ ಓಡಿರಲಿಲ್ಲ. ನಗರದೊಳಗೆ ಚೂರು ಚೂರು ಓಡಿದ ಡೀಸೆಲ್ ಅದು. ಆ ಗಂಡಹೆಂಡತಿಗೆ, "ಈ ಕಾರು ಬೇಡ, ಸರ್. ಓಡಿದ್ದು ಕಡಿಮೆ ಎಂಬುದೇ ಇದರ ತೊಂದರೆ" ಎಂದೆ. ಅವರು ನಂಬಲು ಸ್ವಲ್ಪ ಹೊತ್ತು ಹಿಡಿಯಿತು.

ಎರಡನೆಯ ಕಾರಿನ ಬಾನೆಟ್ ಮಂಜಿನಷ್ಟೇ ತಣ್ಣಗಿತ್ತು. ಸ್ಟಾರ್ಟ್ ಮಾಡುವಾಗ ನಾನು ಒಳಗೆ ಕೂರಲಿಲ್ಲ. ಬಾನೆಟ್ ತೆರೆದು, ಮುಂದಿನ ಗಾಜಿಗೆ ಹತ್ತಿರವಿರುವ ಎಂಜಿನ್ನಿನ ಹಿಂಭಾಗಕ್ಕೆ ಕಿವಿಗೊಟ್ಟು ನಿಂತೆ. ಡೀಸೆಲ್ಲಿನ ಎಂದಿನ ಗುಡುಗುಡು ಬಿಟ್ಟರೆ ಲೋಹದ ಸರಪಳಿ ಉಜ್ಜುವ ಸದ್ದಿರಲಿಲ್ಲ. ಸೈಲೆನ್ಸರ್ ಕೊಳವೆಯ ಒಳಗೆ ಬಿಳಿ ಟಿಶ್ಯೂ ಸುತ್ತಿದ ಬೆರಳಾಡಿಸಿದೆ. ತೆಳುವಾದ ಬೂದು ಬಣ್ಣವಷ್ಟೇ ಹತ್ತಿತು. ಡಿಪಿಎಫ್ ಸರಿಯಿರುವ ಕಾರಿನಲ್ಲಿ ಅಲ್ಲಿ ದಪ್ಪ ಮಸಿ ಇರಬಾರದು, ಕಾಡಿಗೆಯಂತೆ ಕಪ್ಪು ಹತ್ತಿದರೆ ಶೋಧಕ ಒಡೆದಿದೆ ಅಥವಾ ಅದನ್ನು ಕತ್ತರಿಸಿ ತೆಗೆದಿದ್ದಾರೆ ಎಂದೇ ತಿಳಿಯಬೇಕು. ಹೆಚ್ಚು ಶಕ್ತಿಯ ಡೀಸೆಲ್ ಕಾರುಗಳಲ್ಲಿ ಈ ಅನುಮಾನ ಸದಾ ಇರಲಿ, ಏಕೆಂದರೆ ಎಂಜಿನ್ನಿನ ಸಾಫ್ಟ್‌ವೇರ್ ಬದಲಿಸಿ ಇನ್ನಷ್ಟು ಶಕ್ತಿ ಹಿಂಡಿದವರೇ ಡಿಪಿಎಫ್ಅನ್ನೂ ತೆಗೆಸಿರುವುದುಂಟು. 2014ರಿಂದ ಎಂಒಟಿಯಲ್ಲಿ ಡಿಪಿಎಫ್ ಇಲ್ಲದ ಕಾರು ಪಾಸಾಗುವುದಿಲ್ಲ. ಸಾಫ್ಟ್‌ವೇರ್ ಬದಲಾವಣೆಯನ್ನು ವಿಮಾ ಕಂಪನಿಗೆ ತಿಳಿಸದಿದ್ದರೆ ಅಪಘಾತದ ದಿನ ಪರಿಹಾರಕ್ಕೇ ಕುತ್ತು ಬರಬಹುದು.

ಆ ಕಾರು ನಾಲ್ಕೂ ಚಕ್ರಗಳಿಗೆ ಶಕ್ತಿ ಹರಿಸುವ ಎಕ್ಸ್‌ಡ್ರೈವ್ ಮಾದರಿಯಾಗಿತ್ತು. ಇಂಥದರಲ್ಲಿ ಟೈರುಗಳನ್ನು ಗಮನವಿಟ್ಟು ನೋಡಬೇಕು. ಮುಂದಿನ ಮತ್ತು ಹಿಂದಿನ ಟೈರುಗಳ ಬ್ರ್ಯಾಂಡ್ ಬೇರೆಯಾಗಿದ್ದರೆ ಅಥವಾ ಒಂದು ಜೋಡಿ ಹೊಸತು, ಇನ್ನೊಂದು ಸವೆದದ್ದು ಆಗಿದ್ದರೆ, ಸುತ್ತಳತೆಯ ಆ ಸಣ್ಣ ವ್ಯತ್ಯಾಸವೇ ಮುಂದಿನ ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಬಾಕ್ಸನ್ನು ದಿನವೂ ತಿನ್ನುತ್ತಿರುತ್ತದೆ. ಖಾಲಿ ಪಾರ್ಕಿಂಗ್ ಜಾಗದಲ್ಲಿ ಸ್ಟೀರಿಂಗನ್ನು ಪೂರ್ತಿ ತಿರುಗಿಸಿ ನಡೆಯುವ ವೇಗದಲ್ಲಿ ಎರಡು ಸುತ್ತು ಹಾಕಿದೆವು. ಕಾರು ತಡವರಿಸಲಿಲ್ಲ, ನಡುಗಲಿಲ್ಲ.

ಎಸ್ಟೇಟ್ ಕಾರಿನ ನಿಜವಾದ ಚರಿತ್ರೆ ಇರುವುದು ಡಿಕ್ಕಿಯಲ್ಲಿ. ನೆಲದ ಹಲಗೆ ಎತ್ತಿ, ಸ್ಟೆಪ್ನಿ ಇಡುವ ಗುಣಿಯಲ್ಲಿ ಕೈಯಾಡಿಸಿ ತೇವ ನೋಡಬೇಕು. ಸನ್‌ರೂಫಿನ ನೀರು ಹರಿಯುವ ನಳಿಕೆ ಕಟ್ಟಿದರೆ ನೀರು ಬಂದು ನಿಲ್ಲುವುದು ಅಲ್ಲಿ, ಹಲವು ಮಾದರಿಗಳಲ್ಲಿ ಬ್ಯಾಟರಿಯೂ ವಿದ್ಯುತ್ ಪೆಟ್ಟಿಗೆಗಳೂ ಇರುವುದು ಅಲ್ಲೇ. ಹಿಂಬಾಗಿಲಿನ ಕೀಲಿನ ಬಳಿ ಹಾದುಹೋಗುವ ತಂತಿಗಳು ತೆರೆದು ಮುಚ್ಚಿ ವರ್ಷಗಳಲ್ಲಿ ಬಿರಿಯುತ್ತವೆ. ಆ ಕಾರಿನಲ್ಲಿಯೂ ಬಾಗಿಲನ್ನು ಮೆಲ್ಲಗೆ ಅಲ್ಲಾಡಿಸಿದಾಗ ನಂಬರ್ ಪ್ಲೇಟಿನ ದೀಪ ಮಿಟುಕಿತು. ಸಣ್ಣ ಕೆಲಸ, ಆದರೆ ಬೆಲೆ ಇಳಿಸಲು ಸಕಾರಣ. ಹಿಂದೆ ಎಳೆಯುವ ಕೊಕ್ಕೆ ಇದ್ದರೆ ಕ್ಯಾರವಾನ್ ಎಳೆದಿರಬಹುದೆಂದು ಭಾವಿಸಿ ಗೇರ್‌ಬಾಕ್ಸನ್ನು ಇನ್ನಷ್ಟು ಎಚ್ಚರದಿಂದ ಓಡಿಸಿ ನೋಡಬೇಕು. ಇಲ್ಲಿ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಎರಚುವುದರಿಂದ ಕೆಳಗೆ ಬಗ್ಗಿ ಬ್ರೇಕ್ ಪೈಪುಗಳ ತುಕ್ಕನ್ನೂ ನೋಡಬೇಕು. ಊರಿನ ಕಾರುಗಳನ್ನು ಕಂಡವರಿಗೆ ಇದು ಹೊಳೆಯುವುದಿಲ್ಲ.

ಸರ್ವಿಸ್ ಪುಸ್ತಕದಲ್ಲಿ ಮುದ್ರೆಗಳಿದ್ದರೆ ಸಾಲದು, ಬಿಲ್ಲುಗಳು ಬೇಕು. ಕಾರಿನ ಗಣಕ ಸರ್ವಿಸ್ ಬೇಕೆಂದು ತೋರಿಸುವವರೆಗೆ, ಅಂದರೆ 18 ಸಾವಿರ ಮೈಲಿಯವರೆಗೂ, ಆಯಿಲ್ ಬದಲಿಸದೆ ಓಡಿಸಿದ ಕಾರಿಗಿಂತ ಹತ್ತು ಸಾವಿರಕ್ಕೊಮ್ಮೆ ಬದಲಿಸಿದ ಕಾರಿಗೆ ನಾನು ಹೆಚ್ಚು ಬೆಲೆ ಕಟ್ಟುತ್ತೇನೆ. ಎಂಟು ಗೇರಿನ ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಆಯಿಲ್ ಜೀವಮಾನಕ್ಕೆ ಸಾಕು ಎಂದು ಮಾರಾಟಗಾರರು ಹೇಳುವುದುಂಟು. ಅದನ್ನು ತಯಾರಿಸುವ ಜೆಡ್‌ಎಫ್ ಸಂಸ್ಥೆಯೇ 80 ಸಾವಿರದಿಂದ 1 ಲಕ್ಷ 20 ಸಾವಿರ ಕಿಲೋಮೀಟರಿನ ನಡುವೆ, ಅಂದರೆ 50ರಿಂದ 75 ಸಾವಿರ ಮೈಲಿಗೆ, ಬದಲಿಸಲು ಸೂಚಿಸುತ್ತದೆ. 96 ಸಾವಿರ ಓಡಿದ ಆ ಕಾರಿನಲ್ಲಿ 62 ಸಾವಿರಕ್ಕೆ ಬದಲಿಸಿದ ಬಿಲ್ಲು ಸಿಕ್ಕಿತು. ಆ ಒಂದು ಕಾಗದ ನೋಡಿದ ಮೇಲೆ ನನ್ನ ಮನಸ್ಸಿನಲ್ಲಿ ಸಂಶಯ ಉಳಿಯಲಿಲ್ಲ.

ಹಣ ಕೊಡುವ ಮುನ್ನ ಕಾರಿನ ಮೇಲೆ ಸಾಲ ಬಾಕಿ ಇದೆಯೇ ಎಂಬ ತಪಾಸಣೆಗೆ ಕೆಲವು ಪೌಂಡ್ ಖರ್ಚು ಮಾಡಲು ಹಿಂಜರಿಯಬೇಡಿ. ವ್ಯಾಪಾರಿಯಿಂದ ಕೊಂಡರೆ 2015ರ ಗ್ರಾಹಕ ಹಕ್ಕುಗಳ ಕಾಯ್ದೆಯಂತೆ, ಕಾರಿನಲ್ಲಿ ದೋಷವಿದ್ದಲ್ಲಿ, 30 ದಿನಗಳೊಳಗೆ ಹಿಂದಿರುಗಿಸಿ ಹಣ ಕೇಳುವ ಹಕ್ಕು ನಿಮಗಿದೆ. ಖಾಸಗಿ ವ್ಯಕ್ತಿಯಿಂದ ಕೊಂಡರೆ ಆ ರಕ್ಷಣೆ ಇಲ್ಲ. ಆದ್ದರಿಂದ ವ್ಯಾಪಾರಿ ಸ್ವಲ್ಪ ಹೆಚ್ಚು ಕೇಳಿದರೂ ಮೊದಲ ಸಲ ಕೊಳ್ಳುವವರಿಗೆ ಅದೇ ಕ್ಷೇಮ.

ಆ ದಂಪತಿ 96 ಸಾವಿರದ ಕಾರನ್ನೇ ಕೊಂಡರು. ಮನೆಗೆ ತಂದ ವಾರದಲ್ಲೇ ಎಂಜಿನ್ ಆಯಿಲ್, ಡೀಸೆಲ್ ಫಿಲ್ಟರ್ ಮತ್ತು ಗಾಳಿಯ ಫಿಲ್ಟರ್ ಬದಲಿಸಿ, ಹಿಂಬಾಗಿಲಿನ ತಂತಿಗೆ ಬೆಸುಗೆ ಹಾಕಿಸಿದೆವು. ಯಜಮಾನರು ವಾರಕ್ಕೆ ಮೂರು ದಿನ ಡರ್ಬಿಗೆ ಹೋಗಿಬರುತ್ತಾರೆ, ಒಂದು ದಿಕ್ಕಿಗೆ 45 ಮೈಲಿ. ಡಿಪಿಎಫ್ ಮಸಿ ಸುಟ್ಟುಕೊಳ್ಳಲು ಅಷ್ಟು ಓಟ ಧಾರಾಳವಾಗಿ ಸಾಕು.