ಕೋವಿ ಹಗುರಾದರೆ ಭುಜಕ್ಕೆ ಭಾರ

ಚುನಾವಣೆಗೆ ಮೊದಲು ಠಾಣೆಗೆ ಒಪ್ಪಿಸಿದ ಕೋವಿಯನ್ನು ಚುನಾವಣೆ ಮುಗಿದ ಮೇಲೆ ಬಿಡಿಸಿಕೊಂಡು ಬರುವುದು ತೀರ್ಥಹಳ್ಳಿ, ಹೊಸನಗರ ಕಡೆಯ ತೋಟದ ಮನೆಯವರಿಗೆ ಮಾಮೂಲು. ಕಳೆದ ಸಲ ದೊಡ್ಡಪ್ಪನ ಒಂಟಿ ನಳಿಗೆಯ ತೋಟಾ ಕೋವಿ ಮನೆಗೆ ಬಂದಾಗ ಜಗಲಿಯಲ್ಲೇ ಕೂತು ಒರೆಸಿದೆವು. ನಳಿಗೆಯನ್ನು ಬುಡದಲ್ಲಿ ಮಡಚಿ, ಒಳಗೆ ತೋಟಾ (ಮದ್ದು, ಚರೆ ತುಂಬಿದ ಕಾಟ್ರಿಜ್) ಇಲ್ಲವೆಂದು ಕಣ್ಣಲ್ಲೂ ಬೆರಳಲ್ಲೂ ಖಾತ್ರಿ ಮಾಡಿಕೊಂಡು, ನಳಿಗೆಯನ್ನು ಅಂಗಳದ ಬೆಳಕಿಗೆ ಹಿಡಿದೆ. ಒಳಗೆಲ್ಲ ಕನ್ನಡಿಯ ಹೊಳಪು, ಒಂದು ಗೇಣು ಆಚೆ ಮಾತ್ರ ಮಳೆಗಾಲದ ತುಕ್ಕಿನ ಚುಕ್ಕೆ. ಅಡಿಕೆ ತೂಗುವ ತಕ್ಕಡಿಗೆ ಹಾಕಿದರೆ 3.2 ಕಿಲೋ.

"ಇದನ್ನ ಹೊತ್ಕೊಂಡು ಗುಡ್ಡ ಹತ್ತಕ್ಕೆ ಆಗಲ್ಲ ಮಾರಾಯ. ಹಗುರದ್ದು, ರೇಟು ಕಮ್ಮಿ ಇರೋದು ಯಾವ್ದಾದ್ರೂ ನೋಡು" ಅಂದರು ದೊಡ್ಡಪ್ಪ.

ಎಪ್ಪತ್ತರ ಹತ್ತಿರ ಬಂದವರ ನ್ಯಾಯವಾದ ಆಸೆ ಅದು. ಒಂದೇ ಈಡಿನ ಕೋವಿ ಅಗ್ಗವಾಗಿ, ಹಗುರವಾಗಿ ಸಿಗುವುದಕ್ಕೆ ಕಾರಣವೂ ಸರಳ: ಎರಡನೇ ನಳಿಗೆ ಇಲ್ಲ, ತೋಟಾ ತುಂಬಿಡುವ ಮ್ಯಾಗಜಿನ್ ಇಲ್ಲ, ಹಿಂದೆ ಮುಂದೆ ಓಡಾಡುವ ಬೋಲ್ಟ್ ಇಲ್ಲ. ಆದರೆ ಕಳೆದುಕೊಂಡ ತೂಕದ ಲೆಕ್ಕ ಭುಜಕ್ಕೆ ಬರುತ್ತದೆ.

ಅವರದು 12 ಬೋರ್. ಒಂದು ಪೌಂಡ್ ಸೀಸದಿಂದ 12 ಸಮನಾದ ಗುಂಡು ಮಾಡಿದರೆ ಒಂದೊಂದರ ಅಗಲ ಎಷ್ಟೋ ಅಷ್ಟು ನಳಿಗೆಯ ಬಾಯಿ, ಸುಮಾರು 18.5 ಮಿಲಿಮೀಟರ್. ತೋಟಾದಲ್ಲಿ 32 ಗ್ರಾಂ ಚರೆ, ಅಂದರೆ ಸೀಸದ ಸಣ್ಣ ಕಾಳು, ಇದೆ, ಅದು ಸೆಕೆಂಡಿಗೆ 400 ಮೀಟರ್ ವೇಗದಲ್ಲಿ ಹೊರಟಿತು ಎಂದುಕೊಳ್ಳಿ. ತೂಕವನ್ನು ಕಿಲೋದಲ್ಲಿ ಹಿಡಿದು ವೇಗದಿಂದ ಗುಣಿಸಿದರೆ ಸಿಗುವುದು ಸಂವೇಗ, 12.8. ಚರೆ ಮುಂದಕ್ಕೆ ಎಷ್ಟು ಸಂವೇಗ ಒಯ್ಯುತ್ತದೋ ಕೋವಿ ಹಿಂದಕ್ಕೆ ಅಷ್ಟನ್ನೇ ಒಯ್ಯಬೇಕು. 3.2 ಕಿಲೋದ ಕೋವಿ ಸೆಕೆಂಡಿಗೆ 4 ಮೀಟರ್ ವೇಗದಲ್ಲಿ ಭುಜಕ್ಕೆ ಬಡಿಯುತ್ತದೆ, ಸುಮಾರು 26 ಜೂಲ್ ಶಕ್ತಿ. ಒಂದು ಕಿಲೋದ ತೆಂಗಿನಕಾಯಿ 2.6 ಮೀಟರ್ ಎತ್ತರದಿಂದ ಬಿದ್ದಷ್ಟು. ಅದೇ ತೋಟಾವನ್ನು 2.4 ಕಿಲೋದ ಕೋವಿಗೆ ಹಾಕಿದರೆ 34 ಜೂಲ್, ಕಾಯಿ ಬೀಳುವ ಎತ್ತರ 3.5 ಮೀಟರ್. ತೂಕ ಕಾಲು ಭಾಗ ಇಳಿಯಿತು, ಒದೆ ಮೂರನೇ ಒಂದು ಭಾಗ ಏರಿತು. ಮದ್ದಿನ ಹೊಗೆಯೂ ನುಗ್ಗುವುದರಿಂದ ನಿಜವಾದ ಒದೆ ಇನ್ನಷ್ಟು ಜಾಸ್ತಿ.

ದಾರಿ ಇಲ್ಲದಿಲ್ಲ. ಹಗುರದ ಕೋವಿಗೆ 24 ಗ್ರಾಂ ಚರೆಯ ತೋಟಾ ಹಾಕಿದರೆ ಹಿಮ್ಮುಖ ವೇಗ ಮತ್ತೆ 4 ಮೀಟರ್‌ಗೆ ಇಳಿಯುತ್ತದೆ, ಶಕ್ತಿ 19 ಜೂಲ್. ಭುಜಕ್ಕೆ ಒತ್ತುವ ಮರದ ಹಿಡಿಯ ಹಿಂಬದಿಗೆ ರಬ್ಬರ್ ಪ್ಯಾಡ್ ಹಾಕಿದರೆ ಶಕ್ತಿ ಅಷ್ಟೇ ಇರುತ್ತದೆ, ಆದರೆ ಕೋವಿ ಭುಜದ ಮೇಲೆ ನಿಲ್ಲಲು ಕೊಂಚ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆ, ಪೆಟ್ಟು ತಳ್ಳಿದ ಹಾಗೆ ಅನ್ನಿಸುತ್ತದೆ.

"ರೈಫಲ್ ಆದ್ರೆ ಹ್ಯಾಂಗೆ?" ಅಂದರು. ರೈಫಲ್‌ನ ನಳಿಗೆಯೊಳಗೆ ಸುರುಳಿ ಗೀರುಗಳಿರುತ್ತವೆ. ಅವು ಗುಂಡನ್ನು ತಿರುಗಿಸುತ್ತವೆ. ತಿರುಗುವ ಬುಗುರಿ ಬೀಳದ ಹಾಗೆ ಗುಂಡು ಮೂತಿ ಮುಂದಿಟ್ಟುಕೊಂಡೇ ಹೋಗುತ್ತದೆ. ಬೇಟೆಗೆ ಕಾನೂನಿನ ಅವಕಾಶವಿರುವ ಅಮೆರಿಕದಲ್ಲಿ ಜಿಂಕೆ ಬೇಟೆಗೆ ಹಗುರದ ಒಂದೇ ಈಡಿನ ರೈಫಲ್ ಕೊಳ್ಳುವವರಿಗೂ ಇದೇ ಲೆಕ್ಕ. ಥರ್ಟಿ ಆಟ್ ಸಿಕ್ಸ್ ಎಂಬ ದೊಡ್ಡ ತೋಟಾದ 11.7 ಗ್ರಾಂ ಗುಂಡಿನ ಬದಲು ಪಾಯಿಂಟ್ 243 ಎಂಬ ಚಿಕ್ಕ ತೋಟಾದ 6.5 ಗ್ರಾಂ ಗುಂಡು ಆರಿಸಿದರೆ ಭುಜ ಉಳಿಯುತ್ತದೆ. ನಮ್ಮ ತೋಟಕ್ಕೆ ಮಾತ್ರ ರೈಫಲ್ ಬೇಡವೇ ಬೇಡ ಎಂದೆ. ಸಣ್ಣ ಚರೆ ಮುನ್ನೂರು ಮೀಟರಿನೊಳಗೆ ಉದುರುತ್ತದೆ. ಗುರಿ ತಪ್ಪಿದ ರೈಫಲ್ ಗುಂಡು ಕಿಲೋಮೀಟರ್ ದಾಟಿ ಹೋಗುತ್ತದೆ. ಅಡಿಕೆ ಮರಗಳ ಆಚೆ ಯಾರ ಮನೆ, ಯಾರು ಕೊನೆ ಕೊಯ್ಯುತ್ತಿದ್ದಾರೆ ಎಂಬುದು ಕಾಣಿಸುವುದಿಲ್ಲ.

ಶಿಕಾರಿಯ ಮಾತಂತೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ, ಅದಕ್ಕೆ 1991ರಲ್ಲಿ ಆದ ತಿದ್ದುಪಡಿಯೊಂದಿಗೆ ಮುಗಿದಿದೆ. ದೊಡ್ಡಪ್ಪನ ಲೈಸೆನ್ಸ್ ಬೆಳೆ ರಕ್ಷಣೆಯದು. ಮಂಗನನ್ನೂ ಹಂದಿಯನ್ನೂ ಬೆದರಿಸಲು ಬೇಕಾದದ್ದು ಸದ್ದು, ಆ ಸದ್ದಿಗೆ ಹೊಸ ಕೋವಿ ಯಾಕೆ? ಆ ಸದ್ದೂ ಕಿವಿಗೆ ಒಳ್ಳೆಯದಲ್ಲ, 140 ಡೆಸಿಬಲ್ ದಾಟುತ್ತದೆ; ಅರಳೆ ಇಟ್ಟುಕೊಂಡರೆ ಸಾಲದು, ಇಯರ್ ಪ್ಲಗ್ಗೇ ಹಾಕಿಕೊಳ್ಳಬೇಕು.

ಒಂದೇ ಈಡಿನ ಕೋವಿಯಲ್ಲಿ ನನಗೆ ತುಂಬ ಹಿಡಿಸಿದ್ದು ಮಡಚಿದಾಗ ಅದರ ಹೊಟ್ಟೆ ಎಲ್ಲರಿಗೂ ಕಾಣುವುದು. ದೊಡ್ಡಪ್ಪ ಯಾವಾಗಲೂ ಬೇಲಿಯ ದಣಪೆ ದಾಟುವಾಗ ತೋಟಾ ತೆಗೆದು ಜೇಬಿಗೆ ಹಾಕಿಕೊಂಡು, ಮಡಚಿದ ಕೋವಿಯನ್ನು ತೋಳಿನ ಮೇಲಿಟ್ಟೇ ದಾಟುತ್ತಾರೆ.

ಕೊನೆಗೆ ಹಳೆಯದನ್ನೇ ಇಟ್ಟುಕೊಂಡರು. ನಾನು ಶಿವಮೊಗ್ಗದಿಂದ ಅಗಲದ ಚರ್ಮದ ಪಟ್ಟಿ, ರಬ್ಬರ್ ಪ್ಯಾಡ್ ತಂದುಕೊಟ್ಟೆ. ಗುಡ್ಡ ಹತ್ತುವಾಗ ಕೋವಿ ಈಗ ಅವರ ಬೆನ್ನ ಮೇಲಿರುತ್ತದೆ, ಊರುಗೋಲಿಗೆ ಒಂದು ಕೈ ಬಿಡುವಾಗಿದೆ.