ಇಂಗಾಲದ ತಂಗುವ ಕಾಲ

ಚಳ್ಳಕೆರೆ ಕಡೆಯ ನಮ್ಮ ಮಾವ ಮಣ್ಣು ಆರೋಗ್ಯ ಕಾರ್ಡ್ ಮುಂದಿಟ್ಟು ಕೇಳಿದರು: "ಅಲ್ಲಪ್ಪಾ, ತಪ್ಪದೆ ತಿಪ್ಪೆ ಗೊಬ್ಬರ ಹೊಡೆಸ್ತೀನಿ. ಇದ್ರಾಗೆ ನೋಡಿದ್ರೆ ಸಾವಯವ ಇಂಗಾಲ ಕಡಿಮೆ ಅಂತ ಬರ್ದಾರೆ. ಹಾಕಿದ್ದೆಲ್ಲ ಎಲ್ಲಿಗೋತು?" ಕಾರ್ಡಿನ ಲೆಕ್ಕದಲ್ಲಿ ಶೇ. 0.5ಕ್ಕಿಂತ ಕೆಳಗಿದ್ದರೆ ಕಡಿಮೆ, 0.75 ದಾಟಿದರೆ ಹೆಚ್ಚು. ಅವರ ಶೇಂಗಾ ಹೊಲ 0.5 ಮುಟ್ಟಿರಲಿಲ್ಲ.

ಮಾವನ ಪ್ರಶ್ನೆಗೆ ಉತ್ತರ 'ತಂಗುವ ಕಾಲ' ಅನ್ನುವ ಮಾತಿನಲ್ಲಿದೆ. ಗಿಡ ಗಾಳಿಯಿಂದ ಹೀರಿದ ಇಂಗಾಲ ಎಲೆ, ಬೇರು, ಸಗಣಿಯಾಗಿ ಮಣ್ಣು ಸೇರುತ್ತದೆ. ಮಣ್ಣಿನ ಸೂಕ್ಷ್ಮಜೀವಿಗಳು ಅದನ್ನು ತಿಂದು ಉಸಿರು ಬಿಟ್ಟಾಗ ಇಂಗಾಲದ ಡೈಆಕ್ಸೈಡ್ ಆಗಿ ಮತ್ತೆ ಗಾಳಿಗೆ ಹೋಗುತ್ತದೆ. ಈ ನಡುವೆ ಅದು ಮಣ್ಣಿನಲ್ಲಿ ಕಳೆಯುವ ಸಮಯವೇ ತಂಗುವ ಕಾಲ.

ಲೆಕ್ಕ ಸುಲಭ. ದಾಸ್ತಾನನ್ನು ವರ್ಷದ ಖರ್ಚಿನಿಂದ ಭಾಗಿಸಬೇಕು. ಮನೆಯಲ್ಲಿ 30 ಚೀಲ ಜೋಳ ಇದೆ, ವರ್ಷಕ್ಕೆ 10 ಚೀಲ ಬೇಕು ಅಂದರೆ 3 ವರ್ಷ. ಭೂಮಿಯ ಮಣ್ಣಿನಲ್ಲಿ ಮೇಲಿನ ಒಂದು ಮೀಟರಿನೊಳಗೆ ಸುಮಾರು 1.5 ಲಕ್ಷ ಕೋಟಿ ಟನ್ ಸಾವಯವ ಇಂಗಾಲ ಇದೆ. ವರ್ಷಕ್ಕೆ ಹೆಚ್ಚುಕಡಿಮೆ 6,000 ಕೋಟಿ ಟನ್ ಹೊರಗೆ ಹೋಗುತ್ತದೆ. ಸರಾಸರಿ 25 ವರ್ಷದ ಆಸುಪಾಸು.

ಆದರೆ ಈ ಸರಾಸರಿಯನ್ನೇ ನಂಬಿ ಕೂತರೆ ಮಣ್ಣು ಅರ್ಥವಾಗುವುದಿಲ್ಲ. ನಮ್ಮ ಕಡೆ ಹಳೆಯ ಮನೆಗಳಲ್ಲಿದ್ದ ಹಗೇವನ್ನು, ಅಂದರೆ ಕಾಳು ತುಂಬಿಡುವ ನೆಲದೊಳಗಿನ ಗುಂಡಿಯನ್ನು, ನೆನಪಿಸಿಕೊಳ್ಳಿ. ಅಡುಗೆಮನೆಯ ಡಬ್ಬಿಯ ಜೋಳ ವಾರದಲ್ಲಿ ಖಾಲಿ. ಪಡಸಾಲೆಯ ಚೀಲ ಒಂದೆರಡು ತಿಂಗಳು. ಹಗೇವಿನ ತಳದ್ದು ಬರಗಾಲ ಬರುವ ತನಕ ಅಲ್ಲೇ. ಮೂರನ್ನೂ ಕೂಡಿಸಿ 3 ವರ್ಷ ಅಂದರೆ, ಅದು ಯಾವ ಕಾಳಿನ ಕಥೆಯೂ ಅಲ್ಲ ಅಲ್ವಾ?

ಮಣ್ಣಿನಲ್ಲೂ ಹಾಗೇ. ಸಕ್ಕರೆಯಂಥ ಅಂಶ ಕೆಲವೇ ದಿನದಲ್ಲಿ ಮುಗಿಯುತ್ತದೆ. ಹುಲ್ಲು, ದಂಟು ಕೊಳೆಯಲು ತಿಂಗಳುಗಳು, ಕೆಲವೊಮ್ಮೆ ವರ್ಷಗಳು ಬೇಕು. ಜೇಡಿಯ ಕಣಕ್ಕೆ ಅಂಟಿಕೊಂಡಿದ್ದು ಹತ್ತಾರು, ನೂರಾರು ವರ್ಷ ಉಳಿಯುತ್ತದೆ. ಹಾಗಾಗಿ ಈಗಷ್ಟೇ ಹೊರಟ ಇಂಗಾಲ ಎಷ್ಟು ದಿನ ಇತ್ತು ಅನ್ನುವುದು ಒಂದು ಪ್ರಶ್ನೆ. ಒಳಗೆ ಉಳಿದಿರುವುದಕ್ಕೆ ಎಷ್ಟು ವಯಸ್ಸು ಅನ್ನುವುದು ಬೇರೆಯದೇ ಪ್ರಶ್ನೆ. ಹೊರಡುವುದು ಬಹುಪಾಲು ಎಳೆಯದು, ಉಳಿಯುವುದು ಮುದಿಯದು.

ವಯಸ್ಸು ತಿಳಿಯಲು ಇಂಗಾಲ-14 ಎಂಬ, ಇಂಗಾಲದ ವಿಕಿರಣಶೀಲ ರೂಪವನ್ನು ಬಳಸುತ್ತಾರೆ. ಅದು 5,730 ವರ್ಷಕ್ಕೆ ಅರ್ಧವಾಗುತ್ತದೆ. ಅದನ್ನು ಅಳೆದು ನೋಡಿದರೆ ಆಳದ ಮಣ್ಣಿನ ಇಂಗಾಲಕ್ಕೆ ಸಾವಿರಾರು ವರ್ಷ ವಯಸ್ಸು. ಹೊಸದನ್ನು ಗುರುತಿಸಲು ಇನ್ನೊಂದು ದಾರಿ ಇದೆ. 1950 ಮತ್ತು 60ರ ದಶಕದ ಅಣುಬಾಂಬ್ ಪರೀಕ್ಷೆಗಳಿಂದ ಗಾಳಿಯಲ್ಲಿ ಇಂಗಾಲ-14 ಒಮ್ಮೆಗೇ ಜಾಸ್ತಿಯಾಯಿತು. ಆ ಗುರುತು ಮಣ್ಣಿನಲ್ಲಿ ಕಂಡರೆ, ಅಲ್ಲಿಗೆ ಆಮೇಲೆ ಬಂದ ಇಂಗಾಲ ಸೇರಿದೆ ಅಂತ ಅರ್ಥ.

ಇಷ್ಟು ವ್ಯತ್ಯಾಸ ಯಾಕೆ? ಗಟ್ಟಿ ಪದಾರ್ಥ ಬಹಳ ದಿನ ಬಾಳುತ್ತದೆ ಅಂತ ಮೊದಲು ಅಂದುಕೊಂಡಿದ್ದರು. ಇದ್ದಿಲಿನ ಮಟ್ಟಿಗೆ ಅದು ನಿಜವೂ ಹೌದು. ಉಳಿದದ್ದರಲ್ಲಿ ಅದು ಏನು ಅನ್ನುವುದಕ್ಕಿಂತ ಎಲ್ಲಿದೆ ಅನ್ನುವುದೇ ದೊಡ್ಡದು. ಸೂಕ್ಷ್ಮಜೀವಿಯ ಬಾಯಿಗೆ ಸಿಗಬೇಕಷ್ಟೆ. ಹಗೇವಿನಲ್ಲಿ ಕಾಳು ಕೆಡದೆ ಇರುತ್ತಿದ್ದದ್ದೂ ಒಳಗೆ ಆಮ್ಲಜನಕ ಇಲ್ಲದ್ದರಿಂದ. ಅದಕ್ಕೇ ಬಾಯಿ ತೆರೆದ ಕೂಡಲೇ ಯಾರೂ ಒಳಗಿಳಿಯುತ್ತಿರಲಿಲ್ಲ. ಮಣ್ಣಿನ ಹೆಂಟೆಯ ನಡುವೆ ಸಿಕ್ಕಿಕೊಂಡ ಇಂಗಾಲಕ್ಕೂ ಇಂಥದೇ ಕಾವಲು. ಉಳುಮೆ ಮಾಡಿದರೆ ಹೆಂಟೆ ಒಡೆಯುತ್ತದೆ, ಗಾಳಿ ಆಡುತ್ತದೆ, ಹಗೇವಿನ ಬಾಯಿ ತೆರೆದಂತೆ ಆಗುತ್ತದೆ.

ಬಿಸಿಲಿನ ಪಾಲೂ ಇದೆ. ತೇವ ಇದ್ದಾಗ 10 ಡಿಗ್ರಿ ಬಿಸಿ ಏರಿದರೆ ಕೊಳೆಯುವ ವೇಗ ಸುಮಾರು ಎರಡು ಪಟ್ಟು. ನಮ್ಮ ಕಡೆ ಬೇಸಿಗೆಯಿಡೀ ಒಣಗಿದ ಮಣ್ಣಿನಲ್ಲಿ ಸೂಕ್ಷ್ಮಜೀವಿಗಳು ಸುಮ್ನೆ ಬಿದ್ದಿರುತ್ತವೆ. ಭರಣಿ ಮಳೆ ಬಿದ್ದ ತಕ್ಷಣ ಎದ್ದು ಮೇಯುತ್ತವೆ. ಆ ಒಂದೆರಡು ದಿನ ಹೊಲದಿಂದ ಇಂಗಾಲದ ಡೈಆಕ್ಸೈಡ್ ಒಮ್ಮೆಲೇ ಮೇಲೇಳುತ್ತದೆ. ಗೊಬ್ಬರ ಹೊಡೆಸಿ ಮಳೆಗೆ ಕಾಯುತ್ತಾ ಕೂತ ರೈತನ ಕಣ್ಣಿಗೆ ಇದು ಕಾಣುವುದೇ ಇಲ್ಲ. ನನಗೆ ಬೇಜಾರಾಗುವುದು ಇಲ್ಲೇ.

ಮಾವನ ಶೇಂಗಾ ಹೊಲ ಮರಳು ಜಾಸ್ತಿ ಇರುವ ಕೆಂಪು ಮಸಾರಿ. ಹಿಡಿದಿಡಲು ಜೇಡಿ ಕಡಿಮೆ. ಅಲ್ಲಿ ಗೊಬ್ಬರದ ಬಹುಪಾಲು ಡಬ್ಬಿಯ ಜೋಳದ ಹಾಗೆ. ಹಾಗಂತ ಹಾಕಿದ್ದು ಪುಕ್ಕಟೆ ಹೋಗಲಿಲ್ಲ. ಕೊಳೆಯುವಾಗಲೇ ಅಲ್ವಾ ಬೆಳೆಗೆ ಸಾರ ಸಿಗುವುದು?

ಇಂಗ್ಲೆಂಡಿನ ರೋಥಮ್‌ಸ್ಟೆಡ್ ಎಂಬಲ್ಲಿ ಬಾರ್ಲಿಯ ಒಂದು ತುಂಡು ಹೊಲಕ್ಕೆ 1852ರಿಂದ 1871ರ ತನಕ ವರ್ಷವೂ ಕೊಟ್ಟಿಗೆ ಗೊಬ್ಬರ ಹಾಕಿ ನಿಲ್ಲಿಸಿದರು. ನೂರು ವರ್ಷ ಕಳೆದ ಮೇಲೂ ಅಲ್ಲಿ ಗೊಬ್ಬರವನ್ನೇ ಕಾಣದ ಪಕ್ಕದ ತುಂಡಿಗಿಂತ ಇಂಗಾಲ ಜಾಸ್ತಿ ಇತ್ತು. ಇದನ್ನು ಹೇಳಿದಾಗ ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರೆ ಕೆಳಗಿನ ಎರೆ ಹೊಲದಾಗೆ ನಮ್ಮಪ್ಪ ಹೊಡೆಸಿದ್ದು ಇನ್ನೂ ಒಂದಿಷ್ಟು ಇರ್ಬೇಕಲ್ಲ?" ಅಂದರು. ಎರೆಯಲ್ಲಿ ಜೇಡಿ ಜಾಸ್ತಿ. ಇರಬೇಕು ಮಾವ, ಅಂದೆ.