ಸಾರು ಆರಿದ ಮೇಲೆ ಕೊಡುವ ಅಂಕ

ಸಿಗಡಿ, ಮೀನು, ಕಪ್ಪೆಚಿಪ್ಪಿನ ರುಚಿಯ ಪೊಟ್ಟಣದ ನೂಡಲ್ಸ್‌ಗೆ ಅಂಕ ಕೊಡುವಾಗ ನಾನು ಎರಡು ಸಲ ಸಾರು ಕುಡಿಯುತ್ತೇನೆ. ಒಲೆಯಿಂದ ಇಳಿಸಿದ ಕೂಡಲೇ ಒಮ್ಮೆ, ಹದಿನೈದು ನಿಮಿಷ ಬಿಟ್ಟು ಇನ್ನೊಮ್ಮೆ. ಮೊದಲ ಗುಟುಕಿನಲ್ಲಿ ಬಿಸಿಯೂ ಖಾರವೂ ಸೇರಿ ಎಲ್ಲ ದೋಷವನ್ನೂ ಮುಚ್ಚಿಬಿಡುತ್ತವೆ. ಆರಿದ ಸಾರಿನಲ್ಲಿ ಉರಿ ತಗ್ಗಿ, ಮಸಾಲೆಪುಡಿಯ ನಿಜವಾದ ಗುಣ ನಾಲಿಗೆಗೆ ಸಿಗುತ್ತದೆ. ಕಳಪೆಯಾದರೆ ಬರೀ ಉಪ್ಪು ಮತ್ತು ನೀಚು ವಾಸನೆ. ಒಳ್ಳೆಯದಾದರೆ ಇನ್ನೊಂದು ಗುಟುಕು ಬೇಕೆನಿಸುತ್ತದೆ. ನನ್ನ ಅರ್ಧದಷ್ಟು ಅಂಕ ಈ ಎರಡನೆಯ ಗುಟುಕಿಗೇ.

ಇದರಲ್ಲಿ ಚೆನ್ನಾಗಿ ಗೆಲ್ಲುವುದು ದಕ್ಷಿಣ ಕೊರಿಯಾದ ನೊಂಗ್‌ಶಿಮ್ ಕಂಪನಿ 1982ರಲ್ಲಿ ತಂದ ನಿಯೊಗುರಿ ನೂಡಲ್ಸ್. ಪೊಟ್ಟಣ ಒಡೆದರೆ ದಪ್ಪ ಎಳೆಗಳ ಜೊತೆ ಒಣಗಿಸಿದ ಕಡಲಪಾಚಿಯ ತುಂಡೊಂದು ಸಿಗುತ್ತದೆ. ಕೊರಿಯನ್ನರು ಅದನ್ನು ದಶಿಮಾ ಎನ್ನುತ್ತಾರೆ. ಅಲಂಕಾರಕ್ಕೆಂದು ಹಾಕಿದ್ದಿರಬೇಕು ಎಂದು ಅದನ್ನು ಎತ್ತಿ ಎಸೆಯುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಸಾರಿನ ಜೀವವೇ ಅದು. 1908ರಲ್ಲಿ ಜಪಾನಿನ ರಸಾಯನಶಾಸ್ತ್ರಜ್ಞ ಕಿಕುನೆ ಇಕೆಡಾ ಇಂಥದೇ ಪಾಚಿಯ ಕಷಾಯದಿಂದ ರುಚಿ ಕೊಡುವ ಗ್ಲುಟಮೇಟ್ ಎಂಬ ವಸ್ತುವನ್ನು ಬೇರ್ಪಡಿಸಿ, ಆ ರುಚಿಗೆ ಉಮಾಮಿ ಎಂದು ಹೆಸರಿಟ್ಟರು. 1913ರಲ್ಲಿ ಅವರ ಶಿಷ್ಯ ಶಿಂತಾರೊ ಕೊಡಾಮಾ ಒಣಮೀನಿನಲ್ಲಿ ಅದೇ ಬಗೆಯ ರುಚಿ ಕೊಡುವ ಇನೊಸಿನೇಟ್ ಗುರುತಿಸಿದರು. ಇವೆರಡೂ ಒಂದೇ ಪಾತ್ರೆಯಲ್ಲಿ ಸೇರಿದರೆ ರುಚಿ ಬರೀ ಕೂಡುವುದಿಲ್ಲ, ಹಲವು ಪಟ್ಟು ಏರುತ್ತದೆ. ಪೊಟ್ಟಣದ ಹಿಂದಿನ ಪದಾರ್ಥಗಳ ಪಟ್ಟಿಯಲ್ಲಿ ಗ್ಲುಟಮೇಟಿನ ಸಂಕೇತ 621ರ ಪಕ್ಕದಲ್ಲೇ ಇನೊಸಿನೇಟ್ ಮತ್ತು ಅದರ ಬಳಗದ ಸಂಕೇತಗಳಾದ 627, 631 ಅಥವಾ 635 ಕಾಣುವುದು ಇದೇ ಕಾರಣಕ್ಕೆ. ನಿಯೊಗುರಿ ಮಾಡುವಾಗ ಪಾಚಿಯನ್ನು ತಣ್ಣೀರಿಗೇ ಹಾಕಿ ಕುದಿಸಿ. ನೀರು ಅಳೆದು 550 ಮಿ.ಲೀ., ಸಮಯ 5 ನಿಮಿಷ. ಕಣ್ಣಳತೆಯಲ್ಲಿ ಬೇಯಿಸಿದ್ದಕ್ಕೆ ನಾನು ಅಂಕ ಕೊಡುವುದಿಲ್ಲ.

ಸಿಗಡಿ ರುಚಿಯಲ್ಲಿ ನಾನು ಹುಡುಕುವುದು ತೆಳುವಾದ ಸಿಹಿ. ನಿಜವಾದ ಸಿಗಡಿಯಲ್ಲಿ ಗ್ಲೈಸಿನ್ ಎಂಬ ಸಿಹಿಯಾದ ಅಮೈನೋ ಆಮ್ಲ ಹೇರಳವಾಗಿದ್ದು, ಆ ಸಿಹಿ ಬಹುಪಾಲು ಅದರದೇ. ಮೂಗು ಹಿಡಿದು ಒಂದು ಚಮಚ ಕುಡಿಯಿರಿ, ಆಮೇಲೆ ಮೂಗು ಬಿಡಿ. ಹಿಡಿದಾಗ ಬರೀ ಉಪ್ಪು, ಬಿಟ್ಟಾಗ ಮಾತ್ರ ಸಿಗಡಿ ಎಂದಾದರೆ ಅದು ಪೂರ್ತಿ ಪರಿಮಳದ ಕೆಲಸ, ನಾಲಿಗೆಗೆ ಸಿಗುವ ಸಿಗಡಿಯ ಸಿಹಿ ಅಲ್ಲಿಲ್ಲ.

ಹುಳಿಯ ವಿಷಯಕ್ಕೆ ಬಂದರೆ ಥಾಯ್ಲೆಂಡಿನ ಮಾಮಾ ಬ್ರಾಂಡಿನ ಟಾಮ್ ಯಮ್ (ಅಲ್ಲಿಯ ಹುಳಿಖಾರದ ಸಾರು) ಸಿಗಡಿ, ವಿಯೆಟ್ನಾಮಿನ ಹಾವೊ ಹಾವೊ ಬ್ರಾಂಡಿನ ಹುಳಿಖಾರದ ಸಿಗಡಿ, ಎರಡೂ ನನಗೆ ಪ್ರೀತಿಯವು. ಮೀನಿನ ನೀಚಿಗೆ ಮುಖ್ಯ ಕಾರಣ ಟ್ರೈಮಿಥೈಲಮೈನ್ ಎಂಬ, ಸುಲಭವಾಗಿ ಆವಿಯಾಗುವ ವಸ್ತು. ಹುಳಿ ತಾಗಿದರೆ ಅದು ಲವಣವಾಗಿ ಸಾರಿನಲ್ಲೇ ಉಳಿಯುತ್ತದೆ, ಮೂಗಿಗೆ ಏರುವುದಿಲ್ಲ. ಕುಂದಾಪುರದ ನಮ್ಮ ಮನೆಯಲ್ಲಿ ಅಮ್ಮ ಬಂಗಡೆ ಸಾರಿಗೆ ಹುಣಸೆಹಣ್ಣು ಕಿವುಚಿ ಹಾಕುತ್ತಿದ್ದಾಗ ನಡೆಯುತ್ತಿದ್ದುದೂ ಇದೇ.

ಎಳೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬಹುತೇಕ ಎಲ್ಲವೂ ಎಣ್ಣೆಯಲ್ಲಿ ಕರಿದವೇ. ಹಸಿಯಾಗಿಯೇ ಮೂಸಿ ನೋಡಿ, ಕಮಟು ಬಂದರೆ ಬೇಯಿಸಲೇ ಬೇಡಿ.

ಸಿಗಡಿ ಒಗ್ಗದವರು ತುಂಡು ಕಾಣಲಿಲ್ಲವೆಂದು ಧೈರ್ಯ ಮಾಡಬಾರದು, ಪುಡಿಯಲ್ಲೇ ಅದರ ಸಾರ ಇರಬಹುದು. ಅಲರ್ಜಿಯ ಸಾಲನ್ನು ಓದಲೇಬೇಕು. ಸೋಡಿಯಂ ಸಾಲನ್ನೂ ಓದಿ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವ ಮಿತಿ ದಿನಕ್ಕೆ 2,000 ಮಿ.ಗ್ರಾಂ.; ಎಷ್ಟೋ ಪೊಟ್ಟಣಗಳು ಒಂದೇ ಬಟ್ಟಲಿನಲ್ಲಿ ಅದರ ಹತ್ತಿರ ಬರುತ್ತವೆ. ಅಂಕಕ್ಕಾಗಿ ನಾನು ಪುಡಿ ಪೂರ್ತಿ ಹಾಕುತ್ತೇನೆ. ಮನೆಯಲ್ಲಿ ಮಕ್ಕಳಿಗೆ ಮಾಡುವಾಗ ಮೂರನೇ ಒಂದು ಭಾಗ ಉಳಿಸಿ, ಅರ್ಧ ಹೋಳು ನಿಂಬೆ ಹಿಂಡುತ್ತೇನೆ. ಉಪ್ಪು ಕಡಿಮೆಯಾಯಿತೆಂದು ಇವತ್ತಿನವರೆಗೆ ಅವರು ಹೇಳಿಲ್ಲ.